ರೇಷ್ಮೆ ಬಟ್ಟೆಯಲ್ಲಿ ಒರೆಸಿದ ಬಿಲ್ಲೆಗಳು

ಸರ್ ಅವರ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ ಬೆಳೆದಿತ್ತು. ಉಳಿದ ಉಗುರುಗಳನ್ನೆಲ್ಲ ಮಾಂಸಕ್ಕೆ ಅಂಟುವ ಹಾಗೆ ಕತ್ತರಿಸಿಕೊಳ್ಳುತ್ತಿದ್ದ ಮನುಷ್ಯ ಇದೊಂದನ್ನು ಮಾತ್ರ ಮುದ್ದಿನಿಂದ ಸಾಕಿಕೊಂಡಿದ್ದರು. ಮನೆಯ ಹೊಲದಲ್ಲಿ ಅರಿಶಿನ ಬೆಳೆಯುತ್ತಿದ್ದುದರಿಂದ ಅದರ ತುದಿ ಯಾವಾಗಲೂ ಹಳದಿ. ಹೊಸ ಪ್ಲಾಸ್ಟಿಕ್ ಬಿಲ್ಲೆ ಕೈಗೆ ಬಂದರೆ ಕಿವಿಯ ಹತ್ತಿರ ಹಿಡಿದು ಆ ಉಗುರಿನಿಂದ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಗೀರುತ್ತಿದ್ದರು. ಉದ್ದಕ್ಕೆ ಗೀರಿದರೆ ಸದ್ದೇ ಇಲ್ಲ, ಅಡ್ಡಕ್ಕೆ ಗೀರಿದರೆ ಕರಕರ. ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ಕು ಯಾವ ಕಡೆಗೆ ಹರಿದಿತ್ತು ಎಂದು ಅಷ್ಟರಿಂದಲೇ ಹೇಳಿಬಿಡುತ್ತಿದ್ದರು. ಆಮೇಲೆ ಯಂತ್ರದಲ್ಲಿಟ್ಟು ನೋಡಿದರೆ ಅವರು ಹೇಳಿದ ಕಡೆಗೇ ಇರುತ್ತಿತ್ತು.

ಅವರನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗುರುಭಕ್ತಿಯ ಬರಹ ಓದೋಣ ಎಂದು ಕೂತವರು ಈಗಲೇ ಎದ್ದು ಹೋಗಬಹುದು.

ಅವರು ನನ್ನ ಪಿಎಚ್‌ಡಿಯ ಮಾರ್ಗದರ್ಶಕರು. ಗುಂಡ್ಲುಪೇಟೆ ಕಡೆಯವರು. ಚಿಕ್ಕ ವಯಸ್ಸಿಗೇ ಊರು ಬಿಟ್ಟು, ಹೊರಗಡೆ ಎಲ್ಲೆಲ್ಲೋ ದುಡಿದು, ತಲೆ ನರೆತ ಮೇಲೆ ವಾಪಸು ಬಂದು ಚಾಮರಾಜನಗರದ ಹೊರಗೆ ಪ್ಲಾಸ್ಟಿಕ್ ಪರೀಕ್ಷೆ ಮಾಡುವ ಪುಟ್ಟ ಪ್ರಯೋಗಾಲಯವೊಂದನ್ನು ತೆರೆದಿದ್ದರು. ಹಿಂದೆ ರೇಷ್ಮೆಗೂಡು ತುಂಬಿಡುತ್ತಿದ್ದ ಶೆಡ್ಡು ಅದು. ಒಂದು ಮಳೆ ಬಿದ್ದರೆ ಸಾಕು, ಗೋಡೆಯೊಳಗಿಂದ ಹುಳುವಿನ ವಾಸನೆ ಎದ್ದು ಬರುತ್ತಿತ್ತು. ಮೈಸೂರಿನಲ್ಲಿ ಮಾಡಬಾರದಿತ್ತೇ ಎಂದು ಕೇಳಿದವರಿಗೆಲ್ಲ, ನಾವೇ ಯಾಕೆ ಅಲ್ಲಿಗೆ ಓಡಬೇಕು, ಬೇಕಾದವರು ಇಲ್ಲಿಗೆ ಬರಲಿ ಎನ್ನುತ್ತಿದ್ದರು. ಬಂದವರು ಕಡಿಮೆ. ಸಂಶೋಧನೆಗೆಂದು ಬಂದವಳಂತೂ ನಾನೊಬ್ಬಳೇ.

ನಾನು ಸಂತೆಮರಹಳ್ಳಿ ಹತ್ತಿರದವಳು. ಅಮ್ಮ ರೇಷ್ಮೆ ನೂಲು ಬಿಚ್ಚುವ ಕಡೆ ಕೆಲಸಕ್ಕೆ ಹೋಗುತ್ತಿದ್ದಳು, ಅಪ್ಪನಿಗೆ ಸ್ವಲ್ಪ ಹೊಲ. ನಾನು ಎಂಎಸ್ಸಿ ಮುಗಿಸಿ ಡಾಕ್ಟರಾಗುತ್ತೇನೆ ಎಂದು ಹೊರಟಾಗ, ಸೂಜಿ ಚುಚ್ಚಲು ಬಾರದ ಡಾಕ್ಟರು ಎಂದು ನಮ್ಮ ಬೀದಿಯವರು ಆಡಿಕೊಂಡರು. ಅಮ್ಮ ಅದಕ್ಕೆಲ್ಲ ಕಿವಿಗೊಡಲಿಲ್ಲ. ಮಗಳ ಹೆಸರಿನ ಹಿಂದೆ ಡಿ, ಆರ್ ಎಂಬ ಎರಡಕ್ಷರ ಬರುತ್ತದೆ ಎಂದು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿಕೊಂಡು ಬರುತ್ತಿದ್ದಳು. ಆ ಎರಡಕ್ಷರಕ್ಕಾಗಿ ನಮ್ಮ ಮನೆಯಲ್ಲಿ ಏನೇನನ್ನೋ ಮುಂದಕ್ಕೆ ಹಾಕಿದ್ದರು, ನನ್ನ ಮದುವೆಯೂ ಅದರಲ್ಲಿ ಒಂದು.

ಕೆಲಸ ಏನೆಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಫೋನಿನ ಒಳಗೆ, ಚಾರ್ಜರು ಸಿಕ್ಕಿಸುವ ಜಾಗದಲ್ಲಿ, ತೆಳ್ಳಗೆ ಗಟ್ಟಿಯಾದ ಪ್ಲಾಸ್ಟಿಕ್ಕು ಇರುತ್ತದಲ್ಲ, ಅದನ್ನು ಹೆಚ್ಚಾಗಿ ದ್ರವ ಸ್ಫಟಿಕ ಪಾಲಿಮರ್ ಎಂಬ ವಸ್ತುವಿನಿಂದ ಮಾಡುತ್ತಾರೆ. ಅದರ ಅಣುಗಳು ಉದ್ದನೆಯ ಕಡ್ಡಿಗಳು. ಕರಗಿಸಿ ಅಚ್ಚಿಗೆ ನುಗ್ಗಿಸಿದಾಗ ಆ ಕಡ್ಡಿಗಳು ಹರಿವಿನ ದಿಕ್ಕಿಗೆ ಮಲಗುತ್ತವೆ. ತಣ್ಣನೆಯ ಅಚ್ಚಿನ ಗೋಡೆಗೆ ತಾಗುವ ಮೇಲ್ಮೈಯಲ್ಲಿ ಒಂದು ಥರ, ನಡುವೆ ಇನ್ನೊಂದು ಥರ. ಮೇಲ್ಮೈಯ ಅಣುಗಳು ಎತ್ತ ಮಲಗಿವೆ, ಎಷ್ಟು ಶಿಸ್ತಾಗಿ ಮಲಗಿವೆ ಎನ್ನುವುದರ ಮೇಲೆ ಆ ವಸ್ತು ಸಿಪ್ಪೆಯೇಳುತ್ತದೋ, ಅದರ ಮೇಲೆ ಲೋಹದ ಲೇಪ ನಿಲ್ಲುತ್ತದೋ ಎಂಬುದೆಲ್ಲ ನಿಂತಿದೆ. ಅದನ್ನು ಅಳೆಯುವುದೇ ನನ್ನ ಸಂಶೋಧನೆ. ಹತ್ತಿರದ ಅಚ್ಚಿನ ಕಾರ್ಖಾನೆಯೊಂದು ತನ್ನ ಹೊಸ ಅಚ್ಚಿನಲ್ಲಿ ಹುಯ್ದ ಬಿಲ್ಲೆಗಳನ್ನು ನಮಗೆ ಕಳಿಸುತ್ತಿತ್ತು. ಈ ಅಚ್ಚಿನಲ್ಲಿ ಮೇಲ್ಮೈ ಬಹಳ ಶಿಸ್ತಾಗಿ ಬರುತ್ತದೆ ಎಂದು ತಮ್ಮ ಗಿರಾಕಿಗಳಿಗೆ ತೋರಿಸುವ ಆಸೆ ಅವರಿಗೆ.

ಅಳತೆಯ ಮೊದಲ ಪಾಠವನ್ನು ಸರ್ ಹೇಳಿಕೊಟ್ಟದ್ದು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ. ತಾವು ಶಿವನ ಒಕ್ಕಲು, ಆದರೂ ತಿಂಗಳಿಗೊಮ್ಮೆ ಅಲ್ಲಿಗೆ ಹೋಗದಿದ್ದರೆ ಅವರಿಗೆ ಸಮಾಧಾನವಿಲ್ಲ. ಒಂದು ಶನಿವಾರ ನನ್ನನ್ನೂ ಕರೆದುಕೊಂಡು ಹೋದರು. ದೇವಸ್ಥಾನದ ಹಿಂದೆ ಗಾಳಿಗೆ ಹುಲ್ಲೆಲ್ಲ ಒಂದೇ ಕಡೆಗೆ ಬಾಗಿ ಮಲಗಿತ್ತು. ಗಾಳಿ ಬರುವ ಕಡೆ ನಿಲ್ಲಿಸಿ ನೋಡು ಎಂದರು, ಹುಲ್ಲು ಬೆಳ್ಳಗೆ ಹೊಳೆಯಿತು. ಪಕ್ಕಕ್ಕೆ ಬಂದು ನಿಲ್ಲು ಎಂದರು, ಮಂಕಾಯಿತು. ಹುಲ್ಲು ಅದೇ, ಬೆಳಕೂ ಅದೇ, ನಿಂತ ಜಾಗ ಬದಲಾಗಿದೆ ಅಷ್ಟೆ. ಕ್ಷ-ಕಿರಣವನ್ನೂ ಹೀಗೆಯೇ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಬಿಟ್ಟು ನೋಡುತ್ತಾರೆ, ಎರಡಕ್ಕೂ ಎಷ್ಟು ವ್ಯತ್ಯಾಸ ಬರುತ್ತದೋ ಅಣುಗಳು ಅಷ್ಟು ಸಾಲಾಗಿ ಮಲಗಿವೆ ಎಂದರ್ಥ ಎಂದು ವಿವರಿಸಿದರು. ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ತಲೆಗೆ ಹತ್ತದೇ ಇದ್ದದ್ದು ಆ ಹುಲ್ಲಿನ ಮುಂದೆ ಥಟ್ಟನೆ ಹತ್ತಿತು. ಪ್ರಸಾದ ತಿನ್ನುತ್ತಾ, ಒಂದು ಕಡೆಯಿಂದ ನೋಡಿ ತೀರ್ಪು ಕೊಡುವವನು ವಿಜ್ಞಾನಿಯಲ್ಲ, ಬ್ರೋಕರು ಎಂದರು. ನಾನು ಬಿದ್ದು ಬಿದ್ದು ನಕ್ಕೆ.

ಅವರು ಮಾತಿನಲ್ಲಿ ಭಲೇ ಸೊಗಸುಗಾರ. ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ತಮ್ಮ ಹಳೆಯ ಕೆಲಸಗಳ ಕಥೆ ಹೇಳುತ್ತಿದ್ದರು. ಅದರಲ್ಲಿ ಅವರಿಗೆ ತುಂಬ ಇಷ್ಟವಾದದ್ದು ಡಿಜಿಟಲ್ ವಾಚಿನ ಗಾಜಿನ ಕಾರ್ಖಾನೆಯದು. ಅಂಕಿ ಮೂಡುವ ಗಾಜುಗಳಿಗೆ ಒಳಗಡೆ ತೆಳುವಾಗಿ ಪಾಲಿಮರ್ ಬಳಿದು, ಮಖಮಲ್ಲು ಸುತ್ತಿದ ಉರುಳೆಯಿಂದ ಒಂದೇ ದಿಕ್ಕಿಗೆ ಉಜ್ಜುತ್ತಿದ್ದರಂತೆ. ಉಜ್ಜಿದ ಕಡೆಗೆ ಮೇಲಿನ ಅಣುಗಳೆಲ್ಲ, ಬಾಚಣಿಗೆ ಎಳೆದ ತಲೆಗೂದಲಿನ ಹಾಗೆ, ಸಾಲಾಗಿ ಮಲಗುತ್ತವಂತೆ. ಇವರು ಹೊಸದಾಗಿ ಸೇರಿದವರು ಒಂದು ಸಲ ಉರುಳೆಯನ್ನು ತಿರುಗಾಮುರುಗಾ ಆಡಿಸಿ ಒಂದು ರಾಶಿ ಗಾಜು ಹಾಳುಮಾಡಿ ಮೇಸ್ತ್ರಿಯ ಕೈಲಿ ಬೆನ್ನಿಗೆ ಗುದ್ದಿಸಿಕೊಂಡಿದ್ದರಂತೆ. ಆ ಗುದ್ದನ್ನು ಅಭಿನಯಿಸಿ ತೋರಿಸಲು ಹೋಗಿ ಮುಂದಿನ ಸೀಟಿನವರಿಗೆ ಮೊಣಕೈ ತಾಗಿಸಿ ಬೈಸಿಕೊಂಡಿದ್ದೂ ಇದೆ.

ಒಳ್ಳೆಯದನ್ನೂ ಹೇಳಬೇಕು. ನಮ್ಮ ಮನೆಯಲ್ಲಿ ಮದುವೆಯ ಮಾತು ಜೋರಾಗಿ, ಓದು ನಿಲ್ಲಿಸು ಎಂದು ಅಪ್ಪ ಪಟ್ಟು ಹಿಡಿದಾಗ, ಸರ್ ಯಾರೂ ಕರೆಯದೆ ನಮ್ಮೂರಿಗೆ ಬಂದರು. ಜಗಲಿಯ ಮೇಲೆ ಕೂತು ಬೆಲ್ಲದ ಕಾಫಿ ಕುಡಿದು ಅಪ್ಪನ ಜೊತೆ ಅರಿಶಿನದ ಬೆಳೆಯ ಬಗ್ಗೆ ಮಾತಾಡಿ ಮಾತಾಡಿ, ಏಳುವ ಹೊತ್ತಿಗೆ ಹೇಳಿದರು: "ನಿಮ್ ಮಗ್ಳು ಎಸ್ರು ತತ್ತಳೆ ಕಣಣ್ಣ. ಅವ್ಳ ಎಸ್ರಿಗೆ ನಾನು ಜವಾಬ್ದಾರಿ."

ಅಪ್ಪ ಒಪ್ಪಿಬಿಟ್ಟ. ಅಮ್ಮನಿಗಂತೂ ದೇವರೇ ಬಂದು ಹೋದಷ್ಟು ಖುಷಿ. ಮಾರನೆಯ ವಾರ ನಾನು ಹೊರಟಾಗ, ಒಳಗೆ ಎತ್ತಿಟ್ಟಿದ್ದ ಅಪ್ಪಟ ರೇಷ್ಮೆಯ ಒಂದು ತುಂಡು ಬಟ್ಟೆ ತಂದು ಸರ್‌ಗೆ ಕೊಡು ಎಂದಳು. ನಮ್ಮ ಮನೆಯಲ್ಲಿ ಕೊಡಲು ಅದಕ್ಕಿಂತ ದೊಡ್ಡದೇನೂ ಇರಲಿಲ್ಲ. ಸರ್ ಅದನ್ನು ಬೆರಳುಗಳ ನಡುವೆ ತಿಕ್ಕಿ ನೋಡಿ, ಇಂಥ ಬಟ್ಟೆಯನ್ನು ಮೈಗೆ ಹಾಕಿದರೆ ಪಾಪ, ಲ್ಯಾಬಿಗೇ ಇರಲಿ, ಬಿಲ್ಲೆಯ ಮೇಲಿನ ಧೂಳು ತೆಗೆಯಲು ಇದಕ್ಕಿಂತ ನಯವಾದದ್ದು ಸಿಗುವುದಿಲ್ಲ ಎಂದರು. ನನಗೆ ಹೆಮ್ಮೆಯಾಯಿತು.

ಅದಕ್ಕೆ ಸ್ವಲ್ಪ ಮುಂಚೆ ನಾನು ಮೊದಲ ಸಲ ಬಿಲ್ಲೆಗಳನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು, ರೈಲಿನಲ್ಲಿ ಉತ್ತರದ ಊರೊಂದಕ್ಕೆ ಹೋಗಿ ಅಲ್ಲಿನ ದೊಡ್ಡ ಕ್ಷ-ಕಿರಣ ಯಂತ್ರದಲ್ಲಿ ಅಳೆದು ಬಂದಿದ್ದೆ. ಆ ಯಂತ್ರ ನೋಡುವುದು ಮೇಲಿನ ಪದರವನ್ನು ಮಾತ್ರ, ಬಣ್ಣ ಬಳಿದರೆ ಕೂರುವ ಪದರಕ್ಕಿಂತಲೂ ಎಷ್ಟೋ ತೆಳುವಾದದ್ದು. ಫಲಿತಾಂಶ ಸಾಧಾರಣವಾಗಿ ಬಂದಿತ್ತು. ಕಾರ್ಖಾನೆಯವರು ಮುಖ ಸಿಂಡರಿಸಿ, ಬೇರೆ ಕಡೆ ಮಾಡಿಸುತ್ತೇವೆ ಎಂಬರ್ಥದ ಮಾತಾಡಿ ಹೋಗಿದ್ದರು. ಅವರು ಕೈಬಿಟ್ಟರೆ ಶೆಡ್ಡಿನ ಬಾಗಿಲು ಹಾಕಬೇಕಾಗುತ್ತಿತ್ತು. ಆ ವಾರವೆಲ್ಲ ಸರ್ ಒಂದೂ ಕಥೆ ಹೇಳಲಿಲ್ಲ.

ಎರಡನೆಯ ಸಲಕ್ಕೆ ಬಿಲ್ಲೆಗಳನ್ನು ತಾವೇ ತಯಾರು ಮಾಡುವುದಾಗಿ ಹೇಳಿದರು. ತೇವ ಹೋಗಲಿ ಎಂದು ಬಿಸಿ ತಟ್ಟೆಯ ಮೇಲಿಟ್ಟು, ಬಿಸಿಯಿರುವಾಗಲೇ ಅಮ್ಮನ ರೇಷ್ಮೆ ಬಟ್ಟೆಯಿಂದ ಒರೆಸುತ್ತಿದ್ದರು. ಬಿಲ್ಲೆಯ ಮೇಲೆ ಹರಿವಿನ ದಿಕ್ಕು ತೋರಿಸುವ ಬಾಣ ಎತ್ತ ಇದೆಯೋ ಅತ್ತ ಮಾತ್ರ, ಒತ್ತಿ ಒತ್ತಿ. ನಾನು ಮಾಡುತ್ತೇನೆ ಕೊಡಿ ಸರ್ ಎಂದರೆ, ನಿನ್ನ ಕೈ ಒರಟು, ಗೀರಾಗುತ್ತದೆ ಎನ್ನುತ್ತಿದ್ದರು. ವಯಸ್ಸಾದವರು ನನಗಾಗಿ ಬೆವರು ಸುರಿಸುತ್ತಿದ್ದಾರಲ್ಲ ಎಂದು ಪಕ್ಕದಲ್ಲಿ ಕೂತು ನಾನು ಮರುಗಿದ್ದೇನೆ.

ಆ ಬಿಲ್ಲೆಗಳನ್ನು ಒಯ್ದು ಅಳೆದಾಗ ಫಲಿತಾಂಶ ನೋಡಿ ನನಗೆ ನಂಬಿಕೆ ಬರಲಿಲ್ಲ. ಮೇಲಿನ ಅಣುಗಳು ಯಾರೋ ಕೂರಿಸಿ ಜೋಡಿಸಿದ ಹಾಗೆ ಸಾಲಾಗಿ ಮಲಗಿದ್ದವು. ಸ್ವಲ್ಪ ಒಳಕ್ಕೆ ನೋಡುವ ನಮ್ಮ ಶೆಡ್ಡಿನ ಯಂತ್ರದಲ್ಲಿ ಅದೇ ಬಿಲ್ಲೆ ಸಾಧಾರಣ. ಅಂದರೆ ತೊಗಲಿನ ಮೇಲೆ ಇನ್ನೊಂದು ತೊಗಲಿದೆ, ಅದನ್ನು ಈವರೆಗೆ ಯಾರೂ ಕಂಡಿಲ್ಲ ಎಂದು ನಾನು ಕುಣಿದಾಡಿದೆ. ಮೊದಲ ಸಲದ ಬಿಲ್ಲೆಗಳಲ್ಲಿ ಯಾಕೆ ಬರಲಿಲ್ಲ ಎಂದದ್ದಕ್ಕೆ, ಅವು ಧೂಳು ಹಿಡಿದಿದ್ದವು ಎಂದರು ಸರ್. ನನ್ನ ಪ್ರಬಂಧದ ಬೆನ್ನುಮೂಳೆಯೇ ಅದಾಯಿತು. ಕಾರ್ಖಾನೆಯವರು ನಗುನಗುತ್ತಾ ವಾಪಸು ಬಂದರು. ಸರ್ ನನ್ನನ್ನು ಗುಂಡ್ಲುಪೇಟೆಯ ಮನೆಗೆ ಕರೆದುಕೊಂಡು ಹೋಗಿ ಹಬ್ಬದೂಟ ಹಾಕಿಸಿದರು. ಅವತ್ತು ಅವರ ಹೆಂಡತಿ ಹಿತ್ತಲಲ್ಲಿ ನಿಂತು ಕೇರಳದ ಹೂವಿನ ವ್ಯಾಪಾರಿಗಳ ಜೊತೆ ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಚೆಂಡುಹೂವಿಗೆ ಚೌಕಾಸಿ ಮಾಡುತ್ತಿದ್ದರು. ಎಲೆಯ ಮುಂದೆ ಕೂತಾಗ ಸರ್ ನನಗೆ ಹೇಳಿದರು: "ಇದು ನೀ ಕಂಡಿದ್ದು ಕಣಮ್ಮಿ. ಎಲ್ಲಾ ಕಡೀಕೂ ನಿನ್ನೆಸ್ರೇ ಮುಂದಿರ್ಲಿ. ನಂದು ಇಂದ್ಕಿರ್ಲಿ ಬುಡು."

ಎಂಥ ದೊಡ್ಡ ಮನಸ್ಸು ಎಂದುಕೊಂಡು ಊಟದ ನಡುವೆಯೇ ಕಣ್ಣಲ್ಲಿ ನೀರು ತಂದುಕೊಂಡಿದ್ದೆ. ನನ್ನ ಪೆದ್ದುತನಕ್ಕೆ ಈಗ ನಗು ಬರುತ್ತದೆ, ಸಿಹಿ ನಗುವಲ್ಲ.

ಕೊನೆಯ ಮೌಖಿಕ ಪರೀಕ್ಷೆಗೆ ದೂರದ ಊರಿನಿಂದ ಪರೀಕ್ಷಕಿಯೊಬ್ಬರು ಬಂದಿದ್ದರು. ಮೆತ್ತಗಿನ ದನಿಯ ಹೆಂಗಸು. ಅಪ್ಪ ಅಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದರು, ಅಮ್ಮ ಹೊಸ ಸೀರೆ ಉಟ್ಟಿದ್ದಳು. ನಾನು ಚೆನ್ನಾಗಿಯೇ ಮಾತಾಡಿದೆ. ಪರೀಕ್ಷಕಿ, ಇದೇ ವಸ್ತುವಿನ ಬಿಲ್ಲೆಗಳನ್ನು ತಮ್ಮ ವಿದ್ಯಾರ್ಥಿಗಳೂ ಅಳೆದಿದ್ದಾರೆ, ಈ ಮೇಲಿನ ತೊಗಲು ಅವರಿಗೆ ಕಾಣಲಿಲ್ಲ ಎಂದು ಹೇಳಿ, ಅಳೆಯುವ ಮುಂಚೆ ಬಿಲ್ಲೆಯನ್ನು ಹೇಗೆ ಶುಚಿ ಮಾಡಿದಿರಿ ಎಂದು ಕೇಳಿದರು. ನಾನು ಎದೆಯುಬ್ಬಿಸಿಕೊಂಡು, ನಮ್ಮೂರಿನ ರೇಷ್ಮೆ ಬಟ್ಟೆಯಲ್ಲಿ, ಬಿಸಿಯಿರುವಾಗ, ಹರಿವಿನ ದಿಕ್ಕಿಗೆ ಒರೆಸಿ ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪಾಲಿಮರ್ ಮೇಲ್ಮೈಯನ್ನು ಬಟ್ಟೆಯಿಂದ ಒಂದೇ ಕಡೆಗೆ ಉಜ್ಜಿದರೆ ಮೇಲಿನ ಅಣುಗಳು ಉಜ್ಜಿದ ಕಡೆಗೆ ಮಲಗುತ್ತವೆ, ಅಂಕಿ ಮೂಡುವ ಗಾಜುಗಳನ್ನು ಹಾಗೆಯೇ ಮಾಡುತ್ತಾರೆ, ನಿಮಗೆ ಗೊತ್ತಿರಬೇಕಿತ್ತಲ್ಲ ಎಂದರು. ಆಮೇಲೆ, ಬೈಯುವ ಹಾಗೇನೂ ಅಲ್ಲ, ಬೇಸರದಿಂದ ಹೇಳಿದರು: "ನೀವು ಅಳೆದಿರುವುದು ಅಚ್ಚನ್ನಲ್ಲ. ಬಟ್ಟೆಯನ್ನು."

ನನಗೆ ಮಖಮಲ್ಲಿನ ಉರುಳೆ ನೆನಪಾಯಿತು. ತೆರಕಣಾಂಬಿಯ ಬಸ್ಸು, ಮೇಸ್ತ್ರಿಯ ಗುದ್ದು, ಎಲ್ಲವೂ. ನಾನು ಅದನ್ನು ನಗುವ ಕಥೆ ಎಂದು ಕೇಳಿಸಿಕೊಂಡು ಬಿಟ್ಟಿದ್ದೆ. ಆದರೆ ಉಜ್ಜಿದರೆ ಏನಾಗುತ್ತದೆ ಎಂಬುದು ಆ ಕೋಣೆಯಲ್ಲಿ ಸರ್ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಬೆನ್ನಿಗೆ ಗುದ್ದಿಸಿಕೊಂಡು ಕಲಿತವರು. ನಾನು ತಿರುಗಿ ನೋಡಿದೆ. ಆ ಕ್ಷಣದಲ್ಲೂ, ನಾಚಿಕೆಯಿಲ್ಲದೆ ಹೇಳುತ್ತೇನೆ, ಅವರು ಎದ್ದು ನಿಂತು ಇದು ನನ್ನ ತಪ್ಪು ಎನ್ನುತ್ತಾರೆ ಎಂದೇ ಕಾಯುತ್ತಿದ್ದೆ.

ಅವರು ಎದ್ದು ನಿಂತರು. ಎಂದೂ ಆಡದ ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ ಹೇಳಿದರು: "ಮಾದರಿಗಳ ತಯಾರಿಕೆ ಸಂಪೂರ್ಣವಾಗಿ ಅಭ್ಯರ್ಥಿಯದು. ನಾನು ಅವುಗಳನ್ನು ಮುಟ್ಟಿಲ್ಲ. ಬಟ್ಟೆಯೂ ಅವರ ಮನೆಯದೇ."

ಬಟ್ಟೆ ನಮ್ಮ ಮನೆಯದು ಎನ್ನುವುದು ನಿಜ. ಆ ಒಂದು ನಿಜವನ್ನು ಮುಂದಿಟ್ಟುಕೊಂಡು ಉಳಿದ ಸುಳ್ಳನ್ನೆಲ್ಲ ದಾಟಿಸಿಬಿಟ್ಟರು. ಅವರೇ ಒರೆಸಿದ್ದು ಎಂದು ಹೇಳಿದೆ. ಸಿಕ್ಕಿಬಿದ್ದ ವಿದ್ಯಾರ್ಥಿ ಗುರುವಿನ ಮೇಲೆ ಹಾಕುತ್ತಿದ್ದಾಳೆ ಎಂದು ಅಲ್ಲಿದ್ದವರು ಅಂದುಕೊಂಡದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಎಲ್ಲ ಕಡೆಗೂ ನನ್ನ ಹೆಸರೇ ಮುಂದಿತ್ತಲ್ಲ. ಪ್ರಬಂಧವನ್ನು ವಾಪಸು ಕಳಿಸಿದರು.

ಹೊರಗೆ ಬಂದರೆ ಸರ್ ಎಂದಿನ ಹಾಗೆ ತಮ್ಮ ಮೊಪೆಡ್ಡಿನ ಹತ್ತಿರ ನಿಂತಿದ್ದರು. ಈಗ ಮತ್ತೆ ಊರಿನ ಮಾತು. ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆ, ಕೂತುಕೋ ಎಂದರು. ಏನೂ ಆಗಿಲ್ಲವೆಂಬ ಆ ಮುಖ ನೋಡಿ ನನಗೆ ಬಂದ ಕೋಪವನ್ನು ಹೇಗೆ ಹೇಳಲಿ. ಅಪ್ಪ ಅಮ್ಮನನ್ನು ಕರೆದುಕೊಂಡು ನಡೆದೇ ಹೋದೆ. ಬಸ್ಸಿನಲ್ಲಿ ಸಂತೆಮರಹಳ್ಳಿ ಬರುವ ಹೊತ್ತಿಗೆ ಅಮ್ಮ ಕೇಳಿದಳು: "ನಾ ಕೊಟ್ಟ ಬಟ್ಟೆ ಸರಿ ಇರ್ನಿಲ್ವಾ ಕೂಸೇ?"

ಸರ್ ನನಗೆ ಮಾಡಿದ್ದನ್ನು ಯಾವತ್ತಾದರೂ ಮರೆತರೂ ಮರೆತೇನು. ಅಮ್ಮನ ಬಾಯಲ್ಲಿ ಆ ಮಾತು ಬರಿಸಿದ್ದನ್ನು ಮರೆಯುವುದಿಲ್ಲ.

ಆಮೇಲೆ ನನ್ನ ಕೈ ಹಿಡಿದವರು ಆ ಪರೀಕ್ಷಕಿಯೇ. ಬೇರೆ ಮಾರ್ಗದರ್ಶಕರನ್ನು ಗೊತ್ತುಮಾಡಿ, ಕ್ಷ-ಕಿರಣ ಯಂತ್ರದಲ್ಲಿ ನನಗೆ ಸಮಯ ಕೊಡಿಸಿದರು. ಅಚ್ಚಿನಿಂದ ನೇರವಾಗಿ ಚೀಲಕ್ಕೆ ಬಿದ್ದ ಬಿಲ್ಲೆಗಳನ್ನು ಏನೂ ತಾಗಿಸದೆ ಅಳೆದೆ. ಮತ್ತೆ ಅದೇ ಸಾಧಾರಣ ಫಲಿತಾಂಶ. ನಾನು ಕುಣಿದಾಡಿದ್ದ ತೊಗಲು ಎಲ್ಲೂ ಇರಲಿಲ್ಲ. ಬೇಕೆಂದೇ ಕೆಲವನ್ನು ಬಿಸಿ ಮಾಡಿ ರೇಷ್ಮೆಯಲ್ಲಿ ಒರೆಸಿ ಅಳೆದೆ, ತೊಗಲು ಎದ್ದು ಬಂತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಪ್ರಬಂಧವನ್ನು ಮೊದಲಿನಿಂದ ಬರೆದೆ. ತಡವಾಗಿಯಾದರೂ ಆ ಎರಡಕ್ಷರ ಬಂತು. ಅಮ್ಮ ಬಸ್ಸಿನಲ್ಲಿ ಯಾರಿಗೂ ಹೇಳಲಿಲ್ಲ. ಅಷ್ಟರಲ್ಲಿ ಕಾರ್ಖಾನೆಯವರು ಕೈಬಿಟ್ಟು ಶೆಡ್ಡು ಮುಚ್ಚಿತ್ತು. ಈಗ ಅಲ್ಲಿ ಯಾರೋ ಗೊಬ್ಬರದ ಚೀಲ ಇಟ್ಟಿದ್ದಾರೆ.

ಹೋದ ವರ್ಷ ಸರ್ ಅವರ ಹೆಂಡತಿ ಫೋನು ಮಾಡಿದರು. ಲಕ್ವ ಹೊಡೆದು ಬಲಗಡೆ ಸ್ವಾಧೀನವಿಲ್ಲ, ನಿನ್ನನ್ನು ಕೇಳುತ್ತಾರೆ, ಒಮ್ಮೆ ಬಂದು ಹೋಗು ಎಂದರು. ಹೋಗಬಾರದು ಎಂದುಕೊಂಡೆ. ಆದರೆ ಅವರ ಬಾಯಿಂದ ಒಂದು ಮಾತು ಕೇಳಬೇಕಿತ್ತು, ತಪ್ಪಾಯಿತು ಎಂಬ ಮಾತು. ಅದಕ್ಕಾಗಿ ಗುಂಡ್ಲುಪೇಟೆಯ ಬಸ್ಸು ಹತ್ತಿದೆ.

ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮಾತು ತೊದಲುತ್ತಿದ್ದರೂ ತಿಳಿಯುತ್ತಿತ್ತು. ಹೇಗಿದ್ದೀಯಾ ಎನ್ನಲಿಲ್ಲ, ಮದುವೆಯಾಯಿತೇ ಎನ್ನಲಿಲ್ಲ. ಒರೆಸದ ಬಿಲ್ಲೆಗಳಿಗೆ ಎಷ್ಟು ಬಂತು ಎಂದು ಕೇಳಿದರು. ಹೇಳಿದೆ. ಕಣ್ಣು ಮುಚ್ಚಿಕೊಂಡು, ಲೆಕ್ಕ ಸರಿಹೋದವರ ಹಾಗೆ ತಲೆಯಾಡಿಸಿದರು.

"ಅಷ್ಟೇ ಬರ್ಬೇಕು. ನಂಗೊತ್ತಿತ್ತು."

"ಗೊತ್ತಿದ್ದೂ ನನ್ ಮ್ಯಾಲ್ಯಾಕ್ ಆಕುದ್ರಿ ಸಾ?" ಅಷ್ಟು ವರ್ಷ ಅವರ ಮುಂದೆ ಶುದ್ಧವಾಗಿ ಮಾತಾಡುತ್ತಿದ್ದವಳಿಗೆ ಅವತ್ತು ಮನೆಯ ಮಾತೇ ಬಂತು.

ಅವರು ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ಉತ್ತರ ಹುಡುಕುತ್ತಿರಲಿಲ್ಲ. ಅದು ಅವರಲ್ಲಿ ಎಂದಿನಿಂದಲೋ ಸಿದ್ಧವಾಗಿತ್ತು.

"ನಿಂಗ ವಯಸ್ಸದೆ ಕಣಮ್ಮಿ. ಬಿದ್ರೂ ಎದ್ ಬತ್ತೀಯ. ನಾ ಬಿದ್ದಿದ್ರೆ ಏಳಕ್ಕಾಯ್ತಿರ್ನಿಲ್ಲ."

ತಪ್ಪಾಯಿತು ಎನ್ನಲೇ ಇಲ್ಲ. ಅವರ ಲೆಕ್ಕದಲ್ಲಿ ಅದು ತಪ್ಪೇ ಆಗಿರಲಿಲ್ಲ. ಯಾರು ಎಷ್ಟು ತಡೆದುಕೊಳ್ಳುತ್ತಾರೆ ಎಂದು ಅಳೆದು, ತಡೆದುಕೊಳ್ಳಬಲ್ಲವಳ ತಲೆಗೆ ಕಟ್ಟಿದ್ದರು. ಇನ್ನೂ ಸಂಕಟವೆಂದರೆ ಅವರ ಆ ಅಳತೆಯೂ ಸರಿಯಾಗಿತ್ತು, ನಾನು ಎದ್ದು ಬಂದಿದ್ದೆ. ಅವರ ಹೆಂಡತಿ ಕೊಟ್ಟ ಕಾಫಿ ಕುಡಿದು, ಬರುತ್ತೇನೆ ಎಂದು ಆಕೆಗೆ ಮಾತ್ರ ಹೇಳಿ ಹೊರಟೆ.

ಈ ಸಲದ ಚೆಂಡುಹೂವಿನ ಕಾಲದಲ್ಲಿ ಸರ್ ತೀರಿಕೊಂಡರು. ಹೋದೆ. ಯಾಕೆ ಹೋದೆ ಎಂದು ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಹಣೆ ತುಂಬ ವಿಭೂತಿ ಹಚ್ಚಿ, ಅವರದೇ ಹೊಲದ ಹೂವು ಹಾಕಿ ಕೂರಿಸಿದ್ದರು. ಬಂದವರು ಪಾದ ಮುಟ್ಟಿ ನಮಸ್ಕರಿಸುತ್ತಿದ್ದರು. ನನ್ನ ಕೈ ಮುಂದಾಗಲಿಲ್ಲ. ನಾನು ಕ್ಷಮಿಸಿಲ್ಲ, ಸತ್ತರೆಂದು ಕ್ಷಮಿಸುವುದೂ ನನಗೆ ಬಾರದು. ಆದರೆ ಇವತ್ತು ನನ್ನ ಮುಂದೆ ಒಂದು ಬಿಲ್ಲೆ ಇಟ್ಟರೆ ಅದನ್ನು ಹೇಗೆ ಹಿಡಿಯಬೇಕು, ಯಾವ ಕಡೆಯಿಂದ ನೋಡಬೇಕು, ಬಂದ ಅಂಕಿಯನ್ನು ಎಷ್ಟು ನಂಬಬೇಕು ಎನ್ನುವುದೆಲ್ಲ ಅವರು ಕೊಟ್ಟದ್ದು. ಅದನ್ನು ವಾಪಸು ಕೊಟ್ಟು ಕೈತೊಳೆದುಕೊಳ್ಳುವ ದಾರಿ ನನಗೆ ಗೊತ್ತಿಲ್ಲ.

ಮಣ್ಣು ಮಾಡಲು ಹೊರಡುವ ಮುಂಚೆ, ದೂರ ನಿಂತಿದ್ದ ನನ್ನನ್ನು ನೋಡಿ ಅವರ ಕಡೆಯ ಮುದುಕಿಯೊಬ್ಬಳು ಹತ್ತಿರ ಬಂದು, ನೀನು ಅವನಿಗೆ ಏನಾಗಬೇಕವ್ವ ಎಂದು ಕೇಳಿದಳು. ಏನೇನೋ ಬಾಯಿಗೆ ಬಂತು.

"ನಮ್ ಮೇಷ್ಟ್ರು," ಎಂದೆ. ಅದು ಸುಳ್ಳಾಗಿದ್ದರೆ ನಾನು ಇಷ್ಟು ಹೊತ್ತಿಗೆ ಅವರನ್ನು ಮರೆತಿರುತ್ತಿದ್ದೆ.